ಕಾಲ ಮೀರಿದ ಸೀಸೆಯ ಲೆಕ್ಕ ಯಾರ ಖಾತೆಗೆ?

ಕಳೆದ ಬಾರಿ ವಾರ್ಷಿಕ ಲೆಕ್ಕಪತ್ರಗಳನ್ನು ಅಂತಿಮಗೊಳಿಸುವ ದಿನಗಳಲ್ಲಿ ಕೊಕ್ಕಡದ ಅಡಿಕೆ ವ್ಯಾಪಾರಿಯೊಬ್ಬರು ನನ್ನ ಕಚೇರಿಗೆ ಬಂದಿದ್ದರು. ಇಪ್ಪತ್ತು ವರ್ಷಗಳಿಂದ ಅವರ ಲೆಕ್ಕವನ್ನು ನೋಡುತ್ತಿದ್ದೇನೆ. ಖರೀದಿ-ಮಾರಾಟದ ಬಿಲ್ಲುಗಳ ಕಟ್ಟಿನೊಡನೆ ಅಂದು ಅವರು ಒಂದು ವೈದ್ಯಕೀಯ ಬಿಲ್ಲನ್ನೂ ಮೇಜಿನ ಮೇಲಿಟ್ಟು, "ಇದನ್ನು ಯಾವ ಖಾತೆಗೆ ಹಾಕುವುದು?" ಎಂದು ಕೇಳಿದರು. ಅವರ ತಂಗಿಯ ಮಗ, ಒಂಬತ್ತು ವರ್ಷದ ಹುಡುಗ, ವಾರಗಟ್ಟಲೆ ಜ್ವರದಿಂದ ಬಳಲಿ ಕೊನೆಗೆ ರಕ್ತದ ಕ್ಯಾನ್ಸರ್ ಇರಬಹುದೆಂಬ ಸಂಶಯಕ್ಕೆ ಒಳಗಾಗಿದ್ದನು. ಯಾವ ಬಗೆಯ ಕ್ಯಾನ್ಸರ್ ಎಂಬುದನ್ನು ನಿರ್ಧರಿಸಲು 'ಫ್ಲೋ ಸೈಟೋಮೆಟ್ರಿ' ಎಂಬ ಪರೀಕ್ಷೆಯನ್ನು ವೈದ್ಯರು ಬರೆದುಕೊಟ್ಟಿದ್ದರು.

ಬಿಲ್ಲಿನ ಮೊತ್ತ ದೊಡ್ಡದೇ. ಆದರೆ ಅವರ ನೋವು ಮೊತ್ತದ್ದಾಗಿರಲಿಲ್ಲ. ಮೊದಲು ಕೊಟ್ಟ ರಕ್ತದ ಮಾದರಿ ಪ್ರಯೋಗಾಲಯದಲ್ಲಿ ಎರಡು ದಿನ ಉಳಿದು, ಅನಂತರ "ಒಂದು ಪ್ರತಿಕಾಯದ ಅವಧಿ ಮುಗಿದಿದೆ, ಹೊಸ ಸೀಸೆ ಬಂದಿಲ್ಲ" ಎಂಬ ಉತ್ತರ ಬಂತು. ಅಷ್ಟರಲ್ಲಿ ರಕ್ತವೂ ಹಳತಾಗಿತ್ತು. ಈ ಪರೀಕ್ಷೆಗೆ ಜೀವಂತ ಕೋಶಗಳು ಬೇಕು. ಸಾಮಾನ್ಯವಾಗಿ ಒಂದೆರಡು ದಿನಗಳೊಳಗೆ ಪರೀಕ್ಷೆ ಮುಗಿಯಬೇಕು. ಹುಡುಗನನ್ನು ಮತ್ತೆ ಸೂಜಿಗೆ ಒಡ್ಡಿ, ಹೊಸ ಮಾದರಿಯನ್ನು ತೆಗೆದು, ಬೇರೊಂದು ಕಡೆಗೆ ಕಳುಹಿಸಿ, ವರದಿ ಬರುವಷ್ಟರಲ್ಲಿ ಒಂದು ವಾರ ಕಳೆದಿತ್ತು. ಸುದೈವದಿಂದ ಚಿಕಿತ್ಸೆ ಫಲಿಸಿ ಹುಡುಗ ಈಗ ಶಾಲೆಗೆ ಮರಳಿದ್ದಾನೆ. ಆದರೂ ಆ ಒಂದು ವಾರದ ಲೆಕ್ಕ ನನ್ನ ಮನಸ್ಸಿನಿಂದ ಹೋಗಿಲ್ಲ.

ಆ ಪ್ರಯೋಗಾಲಯದ ಹೆಸರು ಇಲ್ಲಿ ಅಪ್ರಸ್ತುತ. ದೂರುವುದು ಈ ಲೇಖನದ ಉದ್ದೇಶವಲ್ಲ. ಅವಧಿ ಮುಗಿದ ಆ ಪುಟ್ಟ ಸೀಸೆ ವೈದ್ಯಶಾಸ್ತ್ರದ ಸಮಸ್ಯೆಯಲ್ಲ, ಅದು ದಾಸ್ತಾನಿನ ಸಮಸ್ಯೆ, ತೆರಿಗೆಯ ಸಮಸ್ಯೆ, ಖರೀದಿಯ ಸಮಸ್ಯೆ. ಆದ್ದರಿಂದ ಅದು ವೈದ್ಯರಿಗಿಂತಲೂ ಹೆಚ್ಚಾಗಿ ವ್ಯಾಪಾರಿಗಳಾದ ನಮಗೆ ಅರ್ಥವಾಗಬೇಕಾದ ವಿಷಯ ಎಂಬುದೇ ನನ್ನ ಅಭಿಪ್ರಾಯ.

ವಸ್ತುವಿನ ಪರಿಚಯ

ನಮ್ಮ ಜಿಲ್ಲೆಯ ಅಡಿಕೆ ವ್ಯಾಪಾರಿಗೆ ಈ ತಂತ್ರವನ್ನು ವಿವರಿಸುವುದು ಕಷ್ಟವಲ್ಲ. ಅಂಗಳದಿಂದ ಬಂದ ಅಡಿಕೆಯ ರಾಶಿಯನ್ನು ಹೊಸ ಚಾಲಿ, ಹಳೆ ಚಾಲಿ, ಪಟೋರ, ಕೋಕ ಎಂದು ವಿಂಗಡಿಸದೆ ದರವನ್ನು ನಿಗದಿಮಾಡಲಾಗದು. ನಮ್ಮ ಕಣ್ಣಿಗೆ ಅಡಿಕೆಯ ಬಣ್ಣ ಮತ್ತು ಗಾತ್ರ ಕಾಣುತ್ತವೆ. ರಕ್ತದ ಹಲವು ಬಿಳಿಕೋಶಗಳಾದರೋ ಸೂಕ್ಷ್ಮದರ್ಶಕದಲ್ಲಿಯೂ ಬಹುಮಟ್ಟಿಗೆ ಒಂದೇ ರೀತಿ ತೋರುತ್ತವೆ. ಅವುಗಳ ಭೇದವಿರುವುದು ಹೊರಮೈಯ ಮೇಲಿನ ಪ್ರೋಟೀನುಗಳಲ್ಲಿ. ಒಂದೊಂದು ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವನ್ನು ತಯಾರಿಸಿ, ಆ ಪ್ರತಿಕಾಯಕ್ಕೆ ಲೇಸರ್ ಬೆಳಕಿನಲ್ಲಿ ಹೊಳೆಯುವ ವರ್ಣದ್ರವ್ಯವನ್ನು ಜೋಡಿಸಿದರೆ, ಕೋಶಕ್ಕೆ ಬಣ್ಣದ ಚೀಟಿಯನ್ನು ಅಂಟಿಸಿದಂತಾಗುತ್ತದೆ. ಅನಂತರ ಕೋಶಗಳನ್ನು ದ್ರವದ ಸೂಕ್ಷ್ಮಧಾರೆಯಲ್ಲಿ ಒಂದರ ಹಿಂದೆ ಒಂದರಂತೆ ಲೇಸರಿನ ಎದುರು ಹಾಯಿಸುತ್ತಾರೆ. ಸೆಕೆಂಡಿಗೆ ಸಾವಿರಾರು ಕೋಶಗಳ ಬಣ್ಣವನ್ನು ಯಂತ್ರ ಓದಿ ಎಣಿಸುತ್ತದೆ.

ಆ ಪ್ರೋಟೀನುಗಳಿಗೆ 'ಸಿಡಿ' ಎಂಬ ಕ್ರಮಸಂಖ್ಯೆಗಳಿವೆ. ಸರಕುಗಳಿಗೆ ನಾವು ಬಳಸುವ ಎಚ್‌ಎಸ್‌ಎನ್ ಸಂಕೇತದಂತೆಯೇ ಇದೂ ಅಂತಾರಾಷ್ಟ್ರೀಯ ಒಪ್ಪಂದದ ಫಲ. 1982ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ತಜ್ಞರ ಸಭೆಯಿಂದ ಇದು ಆರಂಭವಾಯಿತು. ಇಂದು ಇಂತಹ ಸಂಖ್ಯೆಗಳು 370ಕ್ಕೂ ಹೆಚ್ಚು. ಸಿಡಿ45 ಎಂದರೆ ಬಿಳಿಕೋಶಗಳ ಸಾಮಾನ್ಯ ಗುರುತು, ಸಿಡಿ3 ಟಿ-ಕೋಶದ್ದು, ಸಿಡಿ4 ಸಹಾಯಕ ಟಿ-ಕೋಶದ್ದು, ಸಿಡಿ8 ಸಂಹಾರಕ ಟಿ-ಕೋಶದ್ದು, ಸಿಡಿ19 ಬಿ-ಕೋಶದ್ದು, ಸಿಡಿ34 ಇನ್ನೂ ಬಲಿಯದ ಮೂಲಕೋಶದ್ದು. ರಕ್ತದ ಕ್ಯಾನ್ಸರಿನಲ್ಲಿ ಬೆಳೆದು ನಿಂತ ಕೆಟ್ಟ ಕೋಶಗಳ ಮೈಮೇಲೆ ಸಿಡಿ19 ಮತ್ತು ಸಿಡಿ10 ಇವೆಯೇ, ಸಿಡಿ7 ಇದೆಯೇ, ಸಿಡಿ13 ಮತ್ತು ಸಿಡಿ33 ಇವೆಯೇ ಎಂಬುದರ ಮೇಲೆ ರೋಗದ ವರ್ಗ ನಿರ್ಧಾರವಾಗುತ್ತದೆ. ವರ್ಗ ಬೇರೆಯಾದರೆ ಔಷಧವೂ ಬೇರೆ. ಹೀಗಾಗಿ ಒಂದು ಸೀಸೆಯ ಕೊರತೆಯೂ ಇಡೀ ವರದಿಯನ್ನು ತಡೆಹಿಡಿಯಬಲ್ಲುದು.

ಇನ್ನೊಂದು ಸಂಗತಿ ವಾಣಿಜ್ಯದ ವಿದ್ಯಾರ್ಥಿಗಳಿಗೆ ಗಮನಾರ್ಹ. ಒಂದೇ ಗುಣದ ಪ್ರತಿಕಾಯವನ್ನು ಎಷ್ಟು ಬೇಕಾದರೂ ತಯಾರಿಸುವ ವಿಧಾನವನ್ನು 1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಕಂಡುಹಿಡಿದರು. 1984ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆ ಮೂಲವಿಧಾನಕ್ಕೆ ಪೇಟೆಂಟ್ ಪಡೆಯಲಿಲ್ಲ. ಅಂದರೆ ಅರ್ಧಶತಮಾನದಿಂದ ಈ ವಿದ್ಯೆ ಜಗತ್ತಿಗೆ ಮುಕ್ತವಾಗಿದೆ. ಆದರೂ ನಮ್ಮ ಪ್ರಯೋಗಾಲಯಗಳ ಶೀತಪೆಟ್ಟಿಗೆಗಳಲ್ಲಿರುವ ಸೀಸೆಗಳು ಬಹುಪಾಲು ಆಮದಾದವೇ. ಕಾರಣವನ್ನು ಬೇರೆಡೆ ಹುಡುಕಬೇಕು.

ಬೆಲೆ ಎಲ್ಲಿಂದ ಬರುತ್ತದೆ?

ಸೀಸೆಯೊಳಗಿನ ವಸ್ತುವಿನ ತೂಕ ಮೈಕ್ರೋಗ್ರಾಮುಗಳಲ್ಲಿ. ಬೆಲೆಯಾದರೋ ಸಾವಿರಗಳಲ್ಲಿ. ಶುದ್ಧೀಕರಣ, ವರ್ಣದ್ರವ್ಯದ ಜೋಡಣೆ, ಪ್ರತಿ ತಂಡದ ಗುಣಪರೀಕ್ಷೆ ಇವು ವೆಚ್ಚದ ಒಂದು ಭಾಗ. ಉಳಿದದ್ದು ಸಾಗಣೆ ಮತ್ತು ಸಂಗ್ರಹ. ದ್ರವರೂಪದ ಈ ಸರಕನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಇರಿಸಬೇಕು, ಬೆಳಕು ತಾಗಬಾರದು, ಹೆಪ್ಪುಗಟ್ಟಲೂಬಾರದು. ಎರಡು ವರ್ಣದ್ರವ್ಯಗಳನ್ನು ಒಂದಕ್ಕೊಂದು ಬೆಸೆದ ಜೋಡಿಬಣ್ಣಗಳಂತೂ ಇನ್ನಷ್ಟು ನಾಜೂಕು. ಬೆಸುಗೆ ಬಿಟ್ಟರೆ ಯಂತ್ರ ಒಂದು ಬಣ್ಣವನ್ನು ಇನ್ನೊಂದೆಂದು ಓದಿ ವರದಿಯೇ ತಪ್ಪುತ್ತದೆ.

ಇದೆಲ್ಲಕ್ಕಿಂತ ದೊಡ್ಡ ವೆಚ್ಚವೊಂದಿದೆ. ಅದು ಯಾವ ಬಿಲ್ಲಿನಲ್ಲಿಯೂ ಕಾಣುವುದಿಲ್ಲ. ಒಂದು ಉದಾಹರಣೆಯ ಲೆಕ್ಕವನ್ನು ನೋಡೋಣ. ಇದು ಯಾವ ಸಂಸ್ಥೆಯ ದರಪಟ್ಟಿಯೂ ಅಲ್ಲ. 100 ಪರೀಕ್ಷೆಗಳಿಗೆ ಸಾಲುವ ಒಂದು ಸೀಸೆಗೆ ರೂ. 40,000 ಎಂದಿಟ್ಟುಕೊಳ್ಳಿ. ಪೂರ್ತಿ ಬಳಸಿದರೆ ಪರೀಕ್ಷೆಯೊಂದಕ್ಕೆ ರೂ. 400. ಅವಧಿ ಮುಗಿಯುವ ಮುನ್ನ 25 ರೋಗಿಗಳಷ್ಟೇ ಬಂದರೆ ಅದೇ ಪ್ರತಿಕಾಯಕ್ಕೆ ಪರೀಕ್ಷೆಯೊಂದಕ್ಕೆ ರೂ. 1,600. ಒಬ್ಬ ರೋಗಿಗೆ ಇಂತಹ 10 ಪ್ರತಿಕಾಯಗಳು ಬೇಕಾದರೆ ರೂ. 4,000 ಆಗಬೇಕಾದಲ್ಲಿ ರೂ. 16,000. ಈ ವ್ಯತ್ಯಾಸದ ರೂ. 12,000 ಯಾವ ತಯಾರಕನ ಲಾಭವೂ ಅಲ್ಲ, ಯಾವ ಸರ್ಕಾರದ ತೆರಿಗೆಯೂ ಅಲ್ಲ. ಅದು ಮೋರಿಗೆ ಸುರಿದ ಸರಕಿನ ಬೆಲೆ. ಪ್ರಯೋಗಾಲಯ ಅದನ್ನು ತನ್ನ ಲೆಕ್ಕದಲ್ಲಿ ಬಳಕೆಯ ವಸ್ತುಗಳ ವೆಚ್ಚವೆಂದು ಬರೆಯುತ್ತದೆ. ಕೊಕ್ಕಡದ ರೋಗಿ ಅದನ್ನು ತನ್ನ ಕೈಯಿಂದ ಕೊಡುತ್ತಾನೆ.

ನಷ್ಟವನ್ನು ತಪ್ಪಿಸಲು ಪ್ರಯೋಗಾಲಯಗಳು ಹಿಡಿಯುವ ದಾರಿ ಎರಡು. ಅವಧಿ ಮುಗಿಯುವವರೆಗೂ ಹೊಸ ಸೀಸೆಗೆ ಬೇಡಿಕೆ ಸಲ್ಲಿಸದಿರುವುದು ಒಂದು. ನಮ್ಮ ಹುಡುಗನ ವಿಷಯದಲ್ಲಿ ಆದದ್ದು ಇದೇ. ಪರೀಕ್ಷೆಯನ್ನೇ ದೂರದ ನಗರಕ್ಕೆ ಕಳುಹಿಸುವುದು ಇನ್ನೊಂದು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಆ ದಾರಿಯ ಗತಿ ಏನಾಗುತ್ತದೆಂಬುದನ್ನು ಲಾರಿಯಲ್ಲಿ ಸರಕನ್ನು ಕಳುಹಿಸುವ ಸದಸ್ಯರಿಗೆ ಹೇಳಬೇಕಾಗಿಲ್ಲ.

ಪೀಣ್ಯದ ಪಾಠ

ಇದನ್ನೆಲ್ಲ ನಮ್ಮ ರಾಜ್ಯದಲ್ಲಿಯೇ ತಯಾರಿಸಲಾಗದೇ ಎಂದು ಕೇಳುವವರಿಗೆ ಒಂದು ನಿಜವಾದ ಉದಾಹರಣೆಯಿದೆ. 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವು ಎಚ್‌ಐವಿ ಪೀಡಿತರಿಗೆ ಉಚಿತ ಔಷಧ ಯೋಜನೆಯನ್ನು ಆರಂಭಿಸಿತು. ಯಾರಿಗೆ ಔಷಧವನ್ನು ಆರಂಭಿಸಬೇಕೆಂಬುದು ಆಗ ಸಿಡಿ4 ಕೋಶಗಳ ಎಣಿಕೆಯ ಮೇಲೆ ನಿರ್ಧಾರವಾಗುತ್ತಿತ್ತು. ದೇಶದಾದ್ಯಂತ ಈ ಎಣಿಕೆಗೆ ಬೇಡಿಕೆ ಹುಟ್ಟಿತು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಬಾಲಾ ಮಣಿಯನ್ ಅವರು ಸ್ಥಾಪಿಸಿದ ರಿಯಾಮೆಟ್ರಿಕ್ಸ್ ಸಂಸ್ಥೆಯು ಸಿಡಿ4 ಎಣಿಕೆಯ ಪ್ರತಿಕಾಯಗಳನ್ನು ಒಣ ರೂಪದಲ್ಲಿ ತಯಾರಿಸಿತು. ಶೀತಪೆಟ್ಟಿಗೆಯ ಹಂಗಿಲ್ಲದೆ ಕೊಠಡಿಯ ಉಷ್ಣತೆಯಲ್ಲಿಯೇ ಉಳಿಯುವುದು ಅದರ ಹೆಚ್ಚುಗಾರಿಕೆ. ವಿದ್ಯುತ್ತು ಕೈಕೊಡುವ, ಸಾಗಣೆ ತಡವಾಗುವ ನಮ್ಮ ದೇಶಕ್ಕೆ ಇದಕ್ಕಿಂತ ಸೂಕ್ತವಾದ ಆವಿಷ್ಕಾರ ಯಾವುದು? ವಿದೇಶದ ಸರಕನ್ನು ನಕಲು ಮಾಡದೆ ನಮ್ಮ ನೆಲದ ಕಷ್ಟಕ್ಕೆ ಉತ್ತರವನ್ನು ಹುಡುಕಿದ ಪ್ರಯತ್ನವದು.

ಆದರೆ ಮಾರುಕಟ್ಟೆ ಬದಲಾಯಿತು. ಔಷಧವನ್ನು ಆರಂಭಿಸುವ ಸಿಡಿ4 ಮಿತಿ ಹಂತಹಂತವಾಗಿ ಏರುತ್ತ ಹೋಗಿ, 2017ರಲ್ಲಿ ಎಣಿಕೆ ಎಷ್ಟೇ ಇರಲಿ ಸೋಂಕಿತರೆಲ್ಲರಿಗೂ ಔಷಧವೆಂಬ ನೀತಿ ಜಾರಿಗೆ ಬಂತು. ರೋಗಿಗಳ ದೃಷ್ಟಿಯಿಂದ ಇದು ಸರ್ವಥಾ ಸ್ವಾಗತಾರ್ಹ. ರೋಗ ಎಷ್ಟು ಮುಂದುವರಿದಿದೆ ಎಂದು ತಿಳಿಯಲು ಸಿಡಿ4 ಇಂದಿಗೂ ಬೇಕು. ಆದರೆ ಔಷಧದ ಹೆಬ್ಬಾಗಿಲ ಕೀಲಿಯಾಗಿ ಅದಕ್ಕಿದ್ದ ಸ್ಥಾನ ಉಳಿಯಲಿಲ್ಲ. ಒಬ್ಬನೇ ದೊಡ್ಡ ಗ್ರಾಹಕ, ಒಂದೇ ಮುಖ್ಯ ಪರೀಕ್ಷೆ ಎಂಬ ತಳಹದಿಯ ಮೇಲೆ ಕಾರ್ಖಾನೆಯನ್ನು ಕಟ್ಟುವುದು ಎಷ್ಟು ಅಪಾಯಕರವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. ಟೆಂಡರನ್ನೇ ನಂಬಿದ ಸಣ್ಣ ಕೈಗಾರಿಕೆಗಳ ಲೆಕ್ಕಗಳನ್ನು ನೋಡಿದ ನಾನು ಇದನ್ನು ಪುಸ್ತಕದ ಮಾತಾಗಿ ಹೇಳುತ್ತಿಲ್ಲ.

ನಮ್ಮಲ್ಲಿ ವಿದ್ಯೆಗೆ ಕೊರತೆಯಿಲ್ಲ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಚಿಕಿತ್ಸೆಗೆ ಬಳಸುವ ಪ್ರತಿಕಾಯ ಔಷಧಗಳನ್ನು 2006ರಿಂದಲೂ ಮಾರುಕಟ್ಟೆಗೆ ತಂದಿದೆ. ಚಿಕಿತ್ಸೆಯ ಪ್ರತಿಕಾಯದಲ್ಲಿ ಸರಕು ಒಂದು, ಪ್ರಮಾಣ ಅಪಾರ. ಪರೀಕ್ಷೆಯ ಪ್ರತಿಕಾಯದಲ್ಲಿ ಸರಕುಗಳು ನೂರಾರು, ಪ್ರತಿಯೊಂದರ ಪ್ರಮಾಣ ಅತ್ಯಲ್ಪ. ಮೊದಲನೆಯದು ಸಕ್ಕರೆ ಕಾರ್ಖಾನೆ ಇದ್ದಂತೆ, ಎರಡನೆಯದು ಗಂಧದ ಅಂಗಡಿ ಇದ್ದಂತೆ. ದೊಡ್ಡ ಬಂಡವಾಳ ಎರಡನೆಯದರತ್ತ ಸುಲಭವಾಗಿ ಹೊರಳದು. ಅಲ್ಲಿಯೇ ಸಣ್ಣ ತಯಾರಕನಿಗೆ ಎಡೆಯಿರುವುದು.

ತೆರಿಗೆಯ ತೊಡಕು

2025ರ ಸೆಪ್ಟೆಂಬರ್ 22ರಿಂದ ರೋಗನಿರ್ಣಯದ ಕಿಟ್‌ಗಳು ಮತ್ತು ರಿಯೇಜೆಂಟ್‌ಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಆಸ್ಪತ್ರೆ ಮತ್ತು ಪ್ರಯೋಗಾಲಯಗಳ ಆರೋಗ್ಯಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ, ಖರೀದಿಯ ಮೇಲೆ ಕೊಟ್ಟ ತೆರಿಗೆಯ ಜಮೆಯನ್ನು ಅವು ಪಡೆಯಲಾರವು. ಆ ತೆರಿಗೆ ಹೂಡುವಳಿ ವೆಚ್ಚವಾಗಿ ರೋಗಿಯ ಬಿಲ್ಲಿನಲ್ಲಿ ಅಡಗಿ ಕೂರುತ್ತದೆ. ಆದಕಾರಣ ಈ ಇಳಿಕೆ ನೇರವಾಗಿ ರೋಗಿಗೆ ತಲುಪಬೇಕಾದ ಉಳಿತಾಯ. ತಲುಪಿದೆಯೇ ಎಂದು ಕೇಳುವ ಹಕ್ಕು ಗ್ರಾಹಕನಿಗಿದೆ.

ಆದರೆ ಈ ಒಳಿತಿನ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಆಮದುದಾರನು ಶೇ. 5ರ ಐಜಿಎಸ್‌ಟಿಯನ್ನು ಕೊಟ್ಟು ಸರಕನ್ನು ತಂದು ಶೇ. 5ರಲ್ಲಿ ಮಾರುತ್ತಾನೆ, ಅವನ ಜಮೆ ಬಹುಮಟ್ಟಿಗೆ ಸರಿಹೊಂದುತ್ತದೆ. ಸ್ಥಳೀಯ ತಯಾರಕನಾದರೋ ರಾಸಾಯನಿಕ, ಪ್ಲಾಸ್ಟಿಕ್ ನಳಿಕೆ, ಯಂತ್ರ, ಬಾಡಿಗೆ, ಗುಣಪರೀಕ್ಷೆಯ ಶುಲ್ಕ ಇವುಗಳಿಗೆ ಬಹುತೇಕ ಶೇ. 18ರ ತೆರಿಗೆಯನ್ನು ತೆತ್ತು ಶೇ. 5ರಲ್ಲಿ ಮಾರಬೇಕು. ಇಂತಹ ತಲೆಕೆಳಗಾದ ತೆರಿಗೆಯಲ್ಲಿ ಉಳಿದುಹೋದ ಜಮೆಯ ಮರುಪಾವತಿಗೆ ಕಾನೂನಿನಲ್ಲಿ ಅವಕಾಶವಿದೆ. ಆದರೆ ಅದು ಕಚ್ಚಾಸರಕುಗಳಿಗಷ್ಟೇ. ಸೇವೆಗಳ ಮೇಲಿನ ತೆರಿಗೆಗೂ ಬಂಡವಾಳ ಸರಕುಗಳ ಮೇಲಿನ ತೆರಿಗೆಗೂ ಮರುಪಾವತಿಯಿಲ್ಲ. ಸೇವೆಗಳನ್ನು ಹೊರಗಿಟ್ಟದ್ದು ಸಿಂಧುವೆಂದು ಸರ್ವೋಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರ್‌ನಲ್ಲಿ ವಿಕೆಸಿ ಫುಟ್‌ಸ್ಟೆಪ್ಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಪ್ರತಿಕಾಯದ ತಯಾರಿಕೆಯಲ್ಲಿ ಕಚ್ಚಾಸರಕಿಗಿಂತ ಸೇವೆ ಮತ್ತು ಯಂತ್ರಗಳ ಪಾಲೇ ಭಾರ. ಹೀಗೆ, ರೋಗಿಗೆ ಉಪಕಾರ ಮಾಡಿದ ಅದೇ ದರ ಇಲ್ಲಿನ ತಯಾರಕನ ದುಡಿಯುವ ಬಂಡವಾಳವನ್ನು ಹಿಂಡುತ್ತದೆ. ದರವನ್ನು ಏರಿಸಬೇಕೆಂದು ನಾನು ಹೇಳುತ್ತಿಲ್ಲ. ರೋಗನಿರ್ಣಯ ಸಾಮಗ್ರಿಗಳ ತಯಾರಕರಿಗಾದರೂ ಸೇವೆ ಮತ್ತು ಬಂಡವಾಳ ಸರಕುಗಳ ಮೇಲಿನ ಜಮೆಯ ಮರುಪಾವತಿಯನ್ನು ವಿಸ್ತರಿಸಬೇಕೆಂದು ನಮ್ಮ ಸಂಸ್ಥೆಯು ಜಿಎಸ್‌ಟಿ ಮಂಡಳಿಗೆ ಮನವಿ ಸಲ್ಲಿಸುವುದು ಯುಕ್ತ.

ಸಣ್ಣ ಉದ್ಯಮಕ್ಕೆ ಎಡೆಯೆಲ್ಲಿ?

ನಾಳೆಯೇ ಬೈಕಂಪಾಡಿಯಲ್ಲಿ ಪ್ರತಿಕಾಯದ ಕಾರ್ಖಾನೆಯನ್ನು ತೆರೆಯಿರಿ ಎಂಬ ಉಪದೇಶವನ್ನು ನಾನು ಕೊಡಲಾರೆ. ಆದರೆ ಈ ಪರೀಕ್ಷೆಯ ಸುತ್ತ ಸರಳವಾದ ಸರಕುಗಳೂ ಇವೆ. ಯಂತ್ರದಲ್ಲಿ ಕೋಶಗಳನ್ನು ಸಾಲಾಗಿ ಹಾಯಿಸುವ 'ಶೀತ್ ಫ್ಲೂಯಿಡ್' ಎಂಬ ದ್ರವವು ಮುಖ್ಯವಾಗಿ ಶುದ್ಧೀಕರಿಸಿ ಸೋಸಿದ ಲವಣದ್ರಾವಣ. ಇದು 20 ಲೀಟರಿನ ಡಬ್ಬಗಳಲ್ಲಿ ಬರುತ್ತದೆ. ಅದನ್ನು ಹೊರದೇಶದಿಂದ ತರಿಸುವುದೆಂದರೆ ಹಡಗಿನ ಬಾಡಿಗೆಯನ್ನು ತೆತ್ತು ನೀರನ್ನು ತರಿಸಿದಂತೆ. ಕೆಂಪು ರಕ್ತಕಣಗಳನ್ನು ಕರಗಿಸುವ ದ್ರಾವಣದ ಒಂದು ಸಾಮಾನ್ಯ ರೂಪಕ್ಕೆ ಆಧಾರ ಅಮೋನಿಯಂ ಕ್ಲೋರೈಡ್. ನಳಿಕೆಗಳು, ಉಷ್ಣತೆಯನ್ನು ದಾಖಲಿಸುವ ಶೀತಪೆಟ್ಟಿಗೆಗಳು, ರಕ್ತದ ಮಾದರಿಗಳ ವಿಶ್ವಾಸಾರ್ಹ ಸಾಗಣೆ — ಇವೆಲ್ಲ ನಮ್ಮ ಜಿಲ್ಲೆಯ ಪ್ಲಾಸ್ಟಿಕ್, ರಾಸಾಯನಿಕ ಹಾಗೂ ಸಾರಿಗೆ ಉದ್ಯಮಿಗಳ ಕೈಗೆಟಕುವಂಥವು. ಮೀನನ್ನೂ ಐಸ್‌ಕ್ರೀಮನ್ನೂ ಕೆಡದಂತೆ ದೂರದೂರಿಗೆ ಕಳುಹಿಸಬಲ್ಲ ಕರಾವಳಿಗೆ ಎರಡು ಮಿಲಿಲೀಟರ್ ರಕ್ತವನ್ನು ಸರಿಯಾದ ಉಷ್ಣತೆಯಲ್ಲಿ ಒಯ್ಯುವುದು ಅಸಾಧ್ಯವಾಗಲಾರದು.

ವರ್ಣದ್ರವ್ಯಗಳತ್ತಲೂ ನೋಡಬಹುದು. ಈ ಕ್ಷೇತ್ರದಲ್ಲಿ ಬಹಳವಾಗಿ ಬಳಕೆಯಾಗುವ ಫೈಕೋಎರಿಥ್ರಿನ್ ಎಂಬ ಹೊಳೆವ ಪ್ರೋಟೀನು ಕೆಂಪು ಕಡಲಪಾಚಿಯಿಂದ ಬರುತ್ತದೆ. ಅಲೋಫೈಕೋಸಯನಿನ್ ಎಂಬುದು ನೀಲಿಹಸುರು ಪಾಚಿಗಳಿಂದ. ಇವನ್ನು ಪ್ರತಿಕಾಯಗಳಿಗೆ ಜೋಡಿಸಬಹುದೆಂದು 1982ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ನೀಲಿಹಸುರು ಪಾಚಿಯಾದ ಸ್ಪಿರುಲಿನಾದ ಕೃಷಿಯಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐಗೆ ದಶಕಗಳ ಅನುಭವವಿದೆ. ಆಹಾರಪುಡಿಯ ದರ್ಜೆಯಿಂದ ಪ್ರಯೋಗಾಲಯದ ದರ್ಜೆಗೆ ಏರುವುದು ದೀರ್ಘವಾದ ದಾರಿ; ಆದರೆ ಕಿಲೋ ಲೆಕ್ಕದಲ್ಲಿ ಮಾರುವ ವಸ್ತು ಮಿಲಿಗ್ರಾಂ ಲೆಕ್ಕದಲ್ಲಿ ಮಾರಾಟವಾಗುವುದು ಆ ದಾರಿಯ ಕೊನೆಯಲ್ಲಿಯೇ. ಬೆಂಗಳೂರಿನ ಸಿ-ಕ್ಯಾಂಪ್ ಸಂಸ್ಥೆಯ ಫ್ಲೋ ಸೈಟೋಮೆಟ್ರಿ ಸೌಲಭ್ಯವನ್ನು ಶುಲ್ಕ ಕೊಟ್ಟು ಬಳಸಬಹುದು. ಹೊಸ ಪ್ರಯತ್ನಗಳಿಗೆ ಕೇಂದ್ರದ ಬೈರಾಕ್ ಸಂಸ್ಥೆಯಿಂದ ರೂ. 50 ಲಕ್ಷದವರೆಗಿನ ಅನುದಾನ ಯೋಜನೆಯೂ ಇದೆ.

ಒಂದು ಎಚ್ಚರಿಕೆ. 'ಸಂಶೋಧನೆಗೆ ಮಾತ್ರ' ಎಂಬ ಮುದ್ರೆಯುಳ್ಳ ಅಗ್ಗದ ಪ್ರತಿಕಾಯವನ್ನು ರೋಗಿಯ ಪರೀಕ್ಷೆಗೆ ಸರಬರಾಜು ಮಾಡುವ ಪ್ರಲೋಭನೆಗೆ ನಮ್ಮ ವ್ಯಾಪಾರಿಗಳು ಒಳಗಾಗಬಾರದು. 2017ರ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ ರೋಗನಿರ್ಣಯ ಸಾಮಗ್ರಿಗಳಿಗೆ ಅಪಾಯದ ವರ್ಗಕ್ಕನುಗುಣವಾಗಿ ಪರವಾನಗಿ ಕಡ್ಡಾಯ. ನಕಲಿ ತೂಕದ ಕಲ್ಲನ್ನು ಇಟ್ಟ ಅಂಗಡಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಇಲ್ಲಿ ತೂಗುವುದು ಮಾತ್ರ ಮನುಷ್ಯಜೀವವನ್ನು.

ಮಾಡಬೇಕಾದುದು

ಮಂಗಳೂರು ವೈದ್ಯಕೀಯ ಶಿಕ್ಷಣದ ನಗರ. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಇಂದಿನವರೆಗೆ ನಗರ ಮತ್ತು ಸುತ್ತಮುತ್ತ, ಸುಳ್ಯದವರೆಗೆ, ಹಲವು ವೈದ್ಯಕೀಯ ಕಾಲೇಜುಗಳು ತಲೆಯೆತ್ತಿವೆ. ಮೇಲಿನ ಉದಾಹರಣೆಯನ್ನೇ ಮುಂದುವರಿಸಿದರೆ, ನಾಲ್ಕು ಪ್ರಯೋಗಾಲಯಗಳು ತಲಾ ಒಂದು ಸೀಸೆಯನ್ನು ಕೊಂಡು ತಲಾ 25 ಪರೀಕ್ಷೆಗಳನ್ನು ಮಾಡಿದರೆ ಒಟ್ಟು ವೆಚ್ಚ ರೂ. 1,60,000, ಅದೇ 100 ಪರೀಕ್ಷೆಗಳು ಒಂದೆಡೆ ನಡೆದರೆ ರೂ. 40,000. ತೆರೆದ ಸೀಸೆಯನ್ನು ಊರೂರಿಗೆ ಹಂಚುವುದು ಸಾಧುವಲ್ಲ, ಹಂಚಬೇಕಾದದ್ದು ಕೆಲಸವನ್ನು. ಅಪರೂಪದ ಪರೀಕ್ಷೆಗಳನ್ನು ಸರದಿಯಲ್ಲಿ ಒಂದೊಂದು ಸಂಸ್ಥೆ ವಹಿಸಿಕೊಳ್ಳಲಿ. ಉಳಿದವಕ್ಕೆ ಒಟ್ಟಾಗಿ ವಾರ್ಷಿಕ ದರ ಒಪ್ಪಂದವನ್ನು ಮಾಡಿಕೊಂಡು, 25 ಪರೀಕ್ಷೆಗಳ ಸಣ್ಣ ಸೀಸೆಗಳನ್ನೂ ಪಾಳಿಯಂತೆ ಸರಬರಾಜನ್ನೂ ವಿತರಕರಿಂದ ಕೇಳಲಿ. ಯಾರ ಬಳಿ ಯಾವ ಪ್ರತಿಕಾಯ ಎಂದಿನವರೆಗೆ ಇದೆ ಎಂಬ ಪಟ್ಟಿ ಎಲ್ಲರಿಗೂ ತಿಳಿದಿರಲಿ. ಹುಡುಗನ ರಕ್ತ ಪ್ರಯೋಗಾಲಯವನ್ನು ತಲುಪುವ ಮುನ್ನವೇ "ನಮ್ಮಲ್ಲಿಲ್ಲ, ಅಲ್ಲಿಗೆ ಕೊಂಡೊಯ್ಯಿರಿ" ಎಂದು ಹೇಳುವ ವ್ಯವಸ್ಥೆಗೆ ಹೊಸ ಯಂತ್ರ ಬೇಡ, ಒಂದು ದೂರವಾಣಿ ಸಾಕು.

ಪ್ರತಿಸ್ಪರ್ಧಿ ಸಂಸ್ಥೆಗಳು ಒಂದಾಗಲಾರವು ಎಂಬ ಆಕ್ಷೇಪ ಸಹಜ. ಬೆಳೆಗಾರರು ಒಂದಾಗಲಾರರು ಎಂಬ ಮಾತನ್ನು ಕ್ಯಾಂಪ್ಕೊ 1973ರಲ್ಲಿಯೇ ಸುಳ್ಳು ಮಾಡಿತೆಂಬುದನ್ನು ಈ ಜಿಲ್ಲೆಯಲ್ಲಿ ನೆನಪಿಸಬೇಕಾಗಿಲ್ಲ. ಒಟ್ಟುಗೂಡಿಸುವ ತಟಸ್ಥ ವೇದಿಕೆಯಷ್ಟೇ ಬೇಕು. ಆ ವೇದಿಕೆ ವಾಣಿಜ್ಯ ಸಂಸ್ಥೆಯಲ್ಲದೆ ಇನ್ನಾವುದು?

ಕೊಕ್ಕಡ ನಮಗೆ ವೈದ್ಯನಾಥೇಶ್ವರನ ಸನ್ನಿಧಿಯಾಗಿ ಪರಿಚಿತ. ರೋಗ ವಾಸಿಯಾಗಲೆಂದು ಹರಕೆ ಹೊತ್ತು ಜನ ಅಲ್ಲಿಗೆ ಬರುತ್ತಾರೆ. ಅದೇ ಕೊಕ್ಕಡದ ಸುತ್ತಲಿನ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದೂ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ದೇಶದಲ್ಲೆಲ್ಲ ತಡೆಹಿಡಿದದ್ದೂ ನಮ್ಮ ಕಾಲದ ಇತಿಹಾಸ. ಆ ಸಂಕಟಕ್ಕೂ ಈ ಪರೀಕ್ಷೆಗೂ ನೇರವಾದ ನಂಟನ್ನು ನಾನು ಕಲ್ಪಿಸುತ್ತಿಲ್ಲ. ಆದರೆ ಸಕಾಲದಲ್ಲಿ ಪರೀಕ್ಷೆಯಾಗದ, ದಾಖಲೆಯಾಗದ ಕಾಯಿಲೆಯ ಬೆಲೆಯನ್ನು ಯಾರು ಕೊಡುತ್ತಾರೆಂಬುದನ್ನು ಆ ಊರು ಚೆನ್ನಾಗಿ ಬಲ್ಲುದು.

ಅಂದು ನನ್ನ ಕಕ್ಷಿದಾರರ ಪ್ರಶ್ನೆಗೆ ನಾನು ಕಾನೂನಿನ ಉತ್ತರವನ್ನು ಕೊಟ್ಟೆ: ಸೋದರಳಿಯನ ಚಿಕಿತ್ಸೆ ಅಂಗಡಿಯ ವೆಚ್ಚವಲ್ಲ, ಅದು ನಿಮ್ಮ ಸ್ವಂತ ಖಾತೆಗೆ ಹೋಗಬೇಕು. ಅವರು ತಲೆಯಾಡಿಸಿ ಬಿಲ್ಲನ್ನು ಮಡಚಿ ಜೇಬಿಗಿಟ್ಟುಕೊಂಡರು. ಕಾಲ ಮೀರಿದ ಸೀಸೆಯ ನಷ್ಟ ಮಾತ್ರ ಅವರ ಸ್ವಂತ ಖಾತೆಗೆ ಸೇರಿದ್ದಲ್ಲ. ಮುಂದಿನ ತ್ರೈಮಾಸಿಕದೊಳಗೆ ಜಿಲ್ಲೆಯ ಪ್ರಯೋಗಾಲಯಗಳು, ವಿತರಕರು ಮತ್ತು ಆಸಕ್ತ ತಯಾರಕರ ಒಂದು ಸಭೆಯನ್ನು ನಮ್ಮ ಸಂಸ್ಥೆಯು ಕರೆಯಲೆಂದು ಆಡಳಿತ ಮಂಡಳಿಯನ್ನು ವಿನಂತಿಸುತ್ತೇನೆ. ಸಭೆಗೆ ಬೇಕಾದ ವೆಚ್ಚದ ಲೆಕ್ಕಪಟ್ಟಿಯನ್ನು ಶುಲ್ಕವಿಲ್ಲದೆ ಸಿದ್ಧಪಡಿಸಿಕೊಡಲು ನಾನು ಸಿದ್ಧನಿದ್ದೇನೆ.